12345654321: ಇದು ಮಾಂತ್ರಿಕ ಸಂಖ್ಯೆಯೇ?

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗೆ ಅದೃಷ್ಟ ತರುವ ಶಕ್ತಿಯಿದೆ ಎಂದು ನಂಬುವವರಿದ್ದಾರೆ. ವಾಹನಕ್ಕೆ, ಮೊಬೈಲಿಗೆ ಅಂಥ ನಂಬರ್ ಬೇಕೆಂದು ಹೆಚ್ಚು ಹಣ ಕೊಡುವವರೂ ಇದ್ದಾರೆ. ಹಾಗಾದರೆ 12345654321 ಎಂಬ ಸಂಖ್ಯೆಯಲ್ಲಿ ಏನಾದರೂ ಮಾಯೆ ಇದೆಯೇ?

ಈ ಸಂಖ್ಯೆ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಇದು ಇದೆ. ಆಗ ಶಿರಸಿ ತಾಲ್ಲೂಕಿನ ಬನವಾಸಿ ಕೂಡ ಇದೇ ಸಾಮ್ರಾಜ್ಯದಲ್ಲಿತ್ತು. ಅಮೋಘವರ್ಷನ ದಂಡನಾಯಕ ಬಂಕೇಯ ‘ಬನವಾಸಿ 12000’ ಪ್ರಾಂತ್ಯವನ್ನು ಆಳುತ್ತಿದ್ದ. ಗುಣಾಕಾರ ಕಲಿಸುವಾಗ ಮಹಾವೀರ ಹಾರದಂತೆ ಕಾಣುವ ಉತ್ತರಗಳನ್ನು ಕೊಡುವ ಲೆಕ್ಕಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು 27994681 × 441. ಉತ್ತರ 12345654321.

ಗುಟ್ಟು ಇಲ್ಲಿದೆ: 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21 × 5291 = 111111. ಅಂದರೆ ನಮ್ಮ ಸಂಖ್ಯೆ 111111ರ ವರ್ಗ.

ವರ್ಗ ಮಾಡಿದರೆ ಏರಿಳಿಯುವ ಹಾರ ಏಕೆ ಬರುತ್ತದೆ? ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದನ್ನು ನೋಡಲು 36 ಚಾಲಿ ಅಡಿಕೆ ಸಾಕು. ಆರು ಅಡಿಕೆಗಳ ಒಂದು ಸಾಲು ಇಡಿ. ಅದರ ಕೆಳಗೆ ಇನ್ನೊಂದು ಸಾಲು, ಆದರೆ ಒಂದು ಸ್ಥಾನ ಎಡಕ್ಕೆ ಸರಿಸಿ. ಹೀಗೆ ಆರು ಸಾಲು. ಶಾಲೆಯಲ್ಲಿ ಕಾಗದದ ಮೇಲೆ ಮಾಡುವ ಗುಣಾಕಾರವೂ ಇದೇ. ಈಗ ಮೇಲಿನಿಂದ ಕೆಳಕ್ಕೆ ಒಂದೊಂದೇ ಕಂಬಸಾಲು ಎಣಿಸಿ: 1, 2, 3, 4, 5, 6, 5, 4, 3, 2, 1. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದರೆ 36 ಬರುವುದೂ ಇದಕ್ಕೇ. ಅಡಿಕೆ ಇರುವುದೇ ಅಷ್ಟು!

ಒಂಬತ್ತು ಸಾಲಿನವರೆಗೆ ಈ ಹಾರ ಉಳಿಯುತ್ತದೆ: 12345678987654321. ಹತ್ತು ಸಾಲಿಗೆ ಹೋದರೆ ನಡುವೆ ಹತ್ತು ಅಡಿಕೆ ಬರುತ್ತವೆ. ಒಂದು ಸ್ಥಾನದಲ್ಲಿ ಹತ್ತು ಹಿಡಿಸದು, ದಶಕ ಏರಬೇಕು. ಉತ್ತರ 1234567900987654321. ಹಾರ ಹರಿಯಿತು.

ಇನ್ನೊಂದು ಪರೀಕ್ಷೆ. ಕಂಪ್ಯೂಟರ್ ಬಳಸುವಂತೆ ಬರೀ 0 ಮತ್ತು 1ರಲ್ಲಿ ಇದೇ ಸಂಖ್ಯೆಯನ್ನು ಬರೆದರೆ ಅದು 1011 ಎಂದು ಶುರುವಾಗಿ 0001 ಎಂದು ಮುಗಿಯುತ್ತದೆ. ಹಿಂದುಮುಂದಾಗಿ ಓದಿದರೆ ಒಂದೇ ಆಗುವುದಿಲ್ಲ. ಅಂದರೆ ಆ ಚೆಲುವು ನಾವು ಹತ್ತರ ಲೆಕ್ಕದಲ್ಲಿ ಬರೆಯುವ ರೀತಿಯಿಂದ ಬಂದದ್ದು.

ಹಾಗಾದರೆ ಸಂಖ್ಯೆಯ ಸ್ವಂತ ಗುಣ ಯಾವುದು? 111111 = 3 × 7 × 11 × 13 × 37. ನಮ್ಮ ಸಂಖ್ಯೆಯಲ್ಲಿ ಈ ಪ್ರತಿಯೊಂದು ಅವಿಭಾಜ್ಯವೂ ಎರಡೆರಡು ಸಲ ಇದೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆ, ಐದು ಬಾರಿ: 3 × 3 × 3 × 3 × 3 = 243. ಆದ್ದರಿಂದ 1 ಮತ್ತು ತನ್ನನ್ನೂ ಸೇರಿಸಿ ಇದಕ್ಕೆ 243 ಭಾಜಕಗಳು. ಯಾವ ಪದ್ಧತಿಯಲ್ಲಿ ಬರೆದರೂ ಇದು ಬದಲಾಗದು.

ಮುಂದೆ ಯಾರಾದರೂ ‘ಇದು ವಿಶೇಷ ನಂಬರ್’ ಎಂದು ಹಣ ಕೇಳಿದರೆ ಒಂದು ಪ್ರಶ್ನೆ ಕೇಳಿ ನೋಡಿ: ವಿಶೇಷ ಇರುವುದು ಸಂಖ್ಯೆಯಲ್ಲೋ, ಬರೆದ ರೀತಿಯಲ್ಲೋ?