ಭೋಜನಶಾಲೆಯ ಗೋಡೆಯ ಮೇಲಿದ್ದ ಚಿತ್ರ

ಹಿರಿಯರ ಕಾಲದಿಂದ ಬಂದ ಒಂದು ಚಿತ್ರಪಟ ನಮ್ಮ ಹಲವು ಮನೆಗಳ ಪ್ರಾರ್ಥನಾ ಪೀಠದ ಮೇಲಿರುವುದುಂಟು. ಅದನ್ನು ಬರೆದವರು ಯಾರು, ಅದು ಎಲ್ಲಿಂದ ಬಂತು ಎಂದು ಕೇಳಿದರೆ "ಅಜ್ಜನ ಕಾಲದ್ದು" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಇಂಥ ಪ್ರಶ್ನೆಯನ್ನು ಯಾರಲ್ಲಿ, ಹೇಗೆ ಕೇಳಬೇಕೆಂಬುದಕ್ಕೆ ಐರ್ಲೆಂಡಿನ ಡಬ್ಲಿನ್ ನಗರದ ಯೇಸುಸಭೆಯ ಗುರುಗಳ ಅನುಭವ ಒಳ್ಳೆಯ ನಿದರ್ಶನ.

ಲೀಸನ್ ಬೀದಿಯ ಅವರ ನಿವಾಸದ ಭೋಜನಶಾಲೆಯಲ್ಲಿ, ಯೂದನ ಮುತ್ತಿನಿಂದ ಪ್ರಭು ಯೇಸು ಸೆರೆಯಾಗುವ ದೃಶ್ಯದ ಚಿತ್ರವಿತ್ತು. 1920ರಲ್ಲಿ ಪತಿಯನ್ನು ಗುಂಡೇಟಿಗೆ ಕಳೆದುಕೊಂಡ ಮೇರಿ ಲೀ-ವಿಲ್ಸನ್ ಎಂಬ ವೈದ್ಯೆ, ತಮಗೆ ಸಾಂತ್ವನ ನೀಡಿದ ಗುರುಗಳಿಗೆ 1930ರ ದಶಕದಲ್ಲಿ ಅದನ್ನು ಕೃತಜ್ಞತೆಯಿಂದ ಅರ್ಪಿಸಿದ್ದರು. ಹಾಲೆಂಡಿನ ಹೊಂತೋರ್ಸ್ಟ್ ಎಂಬ ಕಲಾವಿದನ ಕೃತಿಯೆಂದೇ ಎಲ್ಲರೂ ನಂಬಿದ್ದರು.

1990ರಲ್ಲಿ ಗುರುಗಳು ಐರ್ಲೆಂಡಿನ ರಾಷ್ಟ್ರೀಯ ಕಲಾ ಗ್ಯಾಲರಿಯ ನೆರವು ಕೋರಿದರು. ಸಂರಕ್ಷಣಾ ತಜ್ಞ ಸೆರ್ಜಿಯೊ ಬೆನೆದೆತ್ತಿ ಅದನ್ನು ಕಂಡೊಡನೆ ಇಟಲಿಯ ಮಹಾನ್ ಕಲಾವಿದ ಕಾರವಾಜ್ಜೊನ ಕೈಚಳಕವನ್ನು ಶಂಕಿಸಿದರು. ಆದರೂ ಅವಸರಪಡಲಿಲ್ಲ. ಚಿತ್ರವನ್ನು ಶುಚಿಗೊಳಿಸಿ, ಕ್ಷ-ಕಿರಣದಿಂದ ಪರೀಕ್ಷಿಸಿದಾಗ ಕಲಾವಿದ ಬರೆಯುತ್ತಲೇ ಮಾಡಿದ ತಿದ್ದುಪಡಿಗಳು ಗೋಚರಿಸಿದವು. ಇನ್ನೊಂದೆಡೆ ಫ್ರಾಂಚೆಸ್ಕಾ ಕಪ್ಪೆಲ್ಲೆತ್ತಿ ಮತ್ತು ಲಾವ್ರಾ ತೆಸ್ತಾ ಎಂಬ ಇಬ್ಬರು ಸಂಶೋಧಕಿಯರು ರೋಮಿನ ಮಾತ್ತೆಯಿ ಮನೆತನದ ಹಳೆಯ ಲೆಕ್ಕಪುಸ್ತಕಗಳನ್ನು ಶೋಧಿಸಿದ್ದರು. ಈ ಚಿತ್ರಕ್ಕಾಗಿ ಕಾರವಾಜ್ಜೊನಿಗೆ 125 ಸ್ಕೂದಿ ಕೊಟ್ಟ 1603ರ ದಾಖಲೆ ಅಲ್ಲಿತ್ತು! 1793ರ ಪಟ್ಟಿಯೊಂದರಲ್ಲಿ ಕಲಾವಿದನ ಹೆಸರು ತಪ್ಪಾಗಿ ನಮೂದಾಗಿ, 1802ರಲ್ಲಿ ಅದೇ ಹೆಸರಿನಲ್ಲಿ ಚಿತ್ರ ಮಾರಾಟವಾಗಿತ್ತು. ಸತ್ಯ 1993ರಲ್ಲಿ ಪ್ರಕಟವಾಯಿತು. ಗುರುಗಳು ಚಿತ್ರವನ್ನು ಮಾರಲಿಲ್ಲ; ಜನರೆಲ್ಲ ನೋಡಲೆಂದು ಗ್ಯಾಲರಿಯ ವಶಕ್ಕೆ ಎರವಲಾಗಿ ಒಪ್ಪಿಸಿದರು.

ಇದರಿಂದ ನಾವು ಕಲಿಯಬೇಕಾದುದೇನು? ಮೊದಲನೆಯದಾಗಿ, ಹಳೆಯ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸುವುದಾಗಲಿ, ಎಣ್ಣೆ ಹಚ್ಚುವುದಾಗಲಿ ಸಲ್ಲದು. ಭೂತಗನ್ನಡಿಯಲ್ಲಿ ನೋಡಿರಿ, ಸಾಲುಸಾಲು ಬಣ್ಣದ ಚುಕ್ಕೆಗಳು ಕಂಡರೆ ಅದು ಅಚ್ಚಿನ ಪಟ. ಕೈಯಿಂದ ಬರೆದುದಾದರೆ ಮುಂಭಾಗದಂತೆ ಹಿಂಭಾಗದ ಛಾಯಾಚಿತ್ರವನ್ನೂ ತೆಗೆಯಿರಿ; ಚೀಟಿ, ಮುದ್ರೆ, ಬರಹಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಹಳೆಯ ಚೌಕಟ್ಟನ್ನು ಎಸೆಯಬೇಡಿರಿ.

ಎರಡನೆಯದಾಗಿ, ಬೆಲೆ ಕಟ್ಟಲು ಬರುವ ವ್ಯಾಪಾರಿಗಿಂತ ಮೊದಲು, ಕೊಳ್ಳುವ ಆಸಕ್ತಿಯಿಲ್ಲದ ತಜ್ಞರನ್ನು ಕಾಣಿರಿ. ಬಣ್ಣ, ಬಟ್ಟೆಗಳ ಸ್ಥಿತಿಯನ್ನು ಸಂರಕ್ಷಣಾ ತಜ್ಞರೂ, ಶೈಲಿಯನ್ನು ಕಲಾ ಇತಿಹಾಸಕಾರರೂ ಬಲ್ಲರು. ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮೂಲವಾದ ಗೋವೆಯಲ್ಲಿ, ಹಳೆ ಗೋವೆಯ ಸಾಂತಾ ಮೋನಿಕಾ ಕಾನ್ವೆಂಟಿನಲ್ಲಿ, ಕ್ರೈಸ್ತ ಕಲೆಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ನೂರು ವರ್ಷ ದಾಟಿದ ಚಿತ್ರಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ ಎಂಬುದೂ ನೆನಪಿರಲಿ.

ಆದರೆ ಯಾವ ತಜ್ಞರಿಗೂ ತಿಳಿಯದ ಸಂಗತಿಯೊಂದು ನಮ್ಮ ಮನೆಯಲ್ಲಿಯೇ ಇದೆ. ಪಟವನ್ನು ತಂದವರು ಯಾರು, ಯಾವ ಹರಕೆಗೆ, ಯಾವ ದುಃಖದಲ್ಲಿ ಎಂಬುದನ್ನು ಬಲ್ಲವರು ಮನೆಯ ಹಿರಿಯರು. ಡಬ್ಲಿನ್ನಿನ ಚಿತ್ರ ಉಳಿದುಬಂದುದು ಒಬ್ಬ ವಿಧವೆಯ ಕೃತಜ್ಞತೆಯಿಂದ. ಇಂದು ಸಂಜೆ ಜಪಸರ ಮುಗಿದ ಬಳಿಕ ಹಿರಿಯರನ್ನು ಕೇಳಿ, ಅವರು ಹೇಳಿದುದನ್ನು ಬರೆದಿಡೋಣ. ಆ ಸಾಕ್ಷಿ ನಾಳೆಗೆ ಸಿಗಲಾರದು.