ಹಳೆ ಕಂಪ್ಯೂಟರ್ ಬಿಡಿಭಾಗ ಮಾರುತ್ತೀರಾ? ಬಿಲ್ಲಿನಲ್ಲಿರುವ ಬೆಲೆ ಮರೆತುಬಿಡಿ

"ಹಳೆ ಕಂಪ್ಯೂಟರ್ ಎಸೆಯಬೇಡಿ, ಒಳಗೆ ಚಿನ್ನ ಇದೆ!" ಎನ್ನುವ ವಿಡಿಯೋ ನಿಮಗೂ ಬಂದಿರಬಹುದು. ನಮ್ಮ ದೊಡ್ಡಪ್ಪನಿಗೆ ಮೂರು ಗ್ರೂಪುಗಳಿಂದ ಬಂದಿತ್ತು. 2013ರಲ್ಲಿ ಮಗನ ಓದಿಗೆಂದು ಕೊಂಡಿದ್ದ ಡೆಸ್ಕ್‌ಟಾಪನ್ನು ಅಟ್ಟದಿಂದ ಇಳಿಸಿ, 52,000 ರೂಪಾಯಿಯ ಬಿಲ್ಲನ್ನೂ ಹುಡುಕಿ ತೆಗೆದರು. "ಐ7 ಕಣೋ, ಅರ್ಧ ಆದ್ರೂ ಬರಲ್ವಾ?" ಎಂದರು. ಇಬ್ಬರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯವರು ಬಿಲ್ಲಿನ ಕಡೆ ನೋಡಲೇ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಬೋರ್ಡ್ ಓಡುತ್ತಾ ಸಾರ್?"

ಮೊದಲು ಚಿನ್ನದ ಮಾತು ಮುಗಿಸೋಣ. ಚಿನ್ನ ಇರುವುದು ನಿಜ. ಆದರೆ ಎಷ್ಟು? ಟೋಕಿಯೋ ಒಲಿಂಪಿಕ್ಸ್ ಪದಕಗಳಿಗಾಗಿ ಜಪಾನಿನಲ್ಲಿ ಸುಮಾರು 79,000 ಟನ್ ಹಳೆ ಎಲೆಕ್ಟ್ರಾನಿಕ್ ಸಾಮಾನು ಸಂಗ್ರಹಿಸಿದ್ದರು. ಅದರಲ್ಲಿ 62 ಲಕ್ಷದಷ್ಟು ಮೊಬೈಲ್‌ಗಳೂ ಇದ್ದವು. ಅಷ್ಟೂ ಸೇರಿ ಸಿಕ್ಕ ಚಿನ್ನ ಸುಮಾರು 32 ಕೆಜಿ, ಅಂದರೆ ಟನ್ನಿಗೆ ಅರ್ಧ ಗ್ರಾಮೂ ಇಲ್ಲ. ಕಂಪ್ಯೂಟರ್ ಬೋರ್ಡಿನಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚಿದ್ದರೂ, ಒಂದು ಮನೆಯ ಒಂದು ಕಂಪ್ಯೂಟರಿನಿಂದ ಉಂಗುರವಾಗುವುದಿಲ್ಲ. ಅದನ್ನು ಬಿಡಿಸಲು ಬಳಸುವ ಆಸಿಡ್‌ಗಳ ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ. ಮನೆಯಲ್ಲಿ ಖಂಡಿತ ಬೇಡ.

ಹಾಗಾದರೆ ಬೆಲೆ ನಿಲ್ಲುವುದು ಯಾವುದರ ಮೇಲೆ? ಕೊಳ್ಳುವವನು ಅದೇ ದುಡ್ಡಿಗೆ ಇವತ್ತು ಬೇರೆ ಏನು ತರಬಹುದು ಎನ್ನುವುದರ ಮೇಲೆ. ನೀವು ಅಂದು ಎಷ್ಟು ಕೊಟ್ಟಿರಿ ಎನ್ನುವುದು ಅವನಿಗೆ ಬೇಕಾಗಿಲ್ಲ. ದೊಡ್ಡಪ್ಪನ ಪ್ರೊಸೆಸರ್ ಐ7-3770. ನಾಲ್ಕು ಕೋರ್, ಎಂಟು ಥ್ರೆಡ್. 2022ರಲ್ಲಿ ಬಂದ ಐ3-12100ಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್, ವೇಗ ಮಾತ್ರ ಬಹಳ ಹೆಚ್ಚು. ಐ7 ಎಂದ ಮಾತ್ರಕ್ಕೆ ಐ3ಗಿಂತ ದುಬಾರಿಯಲ್ಲ, ಅದರ ಪಕ್ಕದಲ್ಲಿರುವ ಸಂಖ್ಯೆ ನೋಡಬೇಕು. ಸಾಲದ್ದಕ್ಕೆ ವಿಂಡೋಸ್ 11 ಇಂಟೆಲ್‌ನ ಹೆಚ್ಚುಕಡಿಮೆ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರೊಸೆಸರ್ ಕೆಟ್ಟಿಲ್ಲ, ಆದರೂ ಬೆಲೆ ಇಳಿಯಿತು.

ಅಂಗಡಿಯವರು ಬೋರ್ಡ್ ಕೇಳಿದ್ದೇಕೆ? ಪ್ರೊಸೆಸರ್ ಸುಲಭಕ್ಕೆ ಸಾಯುವುದಿಲ್ಲ, ಬೋರ್ಡ್ ಸಾಯುತ್ತದೆ. ಆ ಸಾಕೆಟ್ಟಿನ ಬೋರ್ಡ್‌ಗಳನ್ನು ದೊಡ್ಡ ಕಂಪನಿಗಳು ತಯಾರಿಸುವುದು ನಿಲ್ಲಿಸಿ ವರ್ಷಗಳಾಗಿವೆ. ಅನಾಥ ಪ್ರೊಸೆಸರ್‌ಗಳು ಬೇಕಾದಷ್ಟಿವೆ, ಓಡುವ ಬೋರ್ಡ್‌ಗಳು ಕಡಿಮೆ. ಹೀಗಾಗಿ ಹೊಸದಿದ್ದಾಗ ಅಗ್ಗವಾಗಿದ್ದ ಬೋರ್ಡ್ ಹಳತಾದಾಗ ಪ್ರೊಸೆಸರ್‌ಗಿಂತ ಹೆಚ್ಚು ತರುವುದೂ ಉಂಟು.

ರ‍್ಯಾಮ್ ಕಥೆ ಇನ್ನೂ ವಿಚಿತ್ರ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಬೆಲೆ ಜಿಗಿಯಿತು. ಬಳಸಿದ ಡಿಡಿಆರ್4 ರ‍್ಯಾಮನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದವರೂ ಇದ್ದಾರೆ. ಗ್ರಾಫಿಕ್ಸ್ ಕಾರ್ಡ್‌ಗೆ ಆದದ್ದು ಉಲ್ಟಾ. 2021ರಲ್ಲಿ ಕ್ರಿಪ್ಟೋ ಮೈನಿಂಗ್‌ನಿಂದ ಹಳೆ ಕಾರ್ಡಿಗೂ ಹೊಸದರ ಬೆಲೆ ಬಂದಿತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗ್ ಕೈಬಿಟ್ಟಿತು, ಮೈನಿಂಗ್ ಮಾಡುತ್ತಿದ್ದವರ ಕಾರ್ಡ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. "ಇನ್ನೂ ಏರಲಿ" ಎಂದು ಕಾದವರು ಕೈಕೈ ಹಿಸುಕಿಕೊಂಡರು. ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ಟಿಗೆ ಹೆಚ್ಚೇನೂ ನಿರೀಕ್ಷಿಸಬೇಡಿ. ಹಳೆ ಎಸ್‌ಎಂಪಿಎಸ್ ಕೆಟ್ಟರೆ ಬೇರೆ ಭಾಗಗಳನ್ನೂ ಜೊತೆಗೆ ಕರೆದೊಯ್ಯಬಹುದು ಎಂಬುದು ಕೊಳ್ಳುವವರಿಗೂ ಗೊತ್ತು.

ಬೆಲೆ ಹೇಳುವ ಮೊದಲು ಅದೇ ಕೆಲಸ ಮಾಡುವ ಹೊಸ ವಸ್ತು ಇವತ್ತು ವಾರಂಟಿ ಸಹಿತ ಎಷ್ಟಕ್ಕೆ ಸಿಗುತ್ತದೆ ನೋಡಿ. ಅದು 4,000 ಇದ್ದರೆ ನಿಮ್ಮದಕ್ಕೆ ಯಾರೂ 3,500 ಕೊಡುವುದಿಲ್ಲ, 500 ರೂಪಾಯಿ ಉಳಿಸಲು ವಾರಂಟಿ ಬಿಡುವವರು ಕಡಿಮೆ. ನಾನಾದರೆ ಅರ್ಧದಿಂದ ಮಾತು ಶುರು ಮಾಡುತ್ತೇನೆ. ನಿಮ್ಮ ಭಾಗಕ್ಕೆ ವಾರಂಟಿ ಉಳಿದಿದ್ದರೆ ಸ್ವಲ್ಪ ಮೇಲೆ. ಬಿಲ್ ಕೆಲಸಕ್ಕೆ ಬರುವುದು ಇಲ್ಲೇ: ಅದರ ಮೊತ್ತವಲ್ಲ, ತಾರೀಖು. ಕೆಲವು ಕಂಪನಿಗಳು ಮೊದಲ ಗ್ರಾಹಕರಿಗಷ್ಟೇ ವಾರಂಟಿ ಕೊಡುತ್ತವೆ, ಕೇಳಿ ತಿಳಿದುಕೊಳ್ಳಿ. ಅಂಗಡಿಯವರು ಇನ್ನೂ ಕಡಿಮೆ ಹೇಳಿದರೆ ಮೋಸವೆಂದೇ ತಿಳಿಯಬೇಡಿ. ಪರೀಕ್ಷಿಸಿ, ತಿಂಗಳುಗಟ್ಟಲೆ ಇಟ್ಟುಕೊಂಡು, ಕೆಟ್ಟರೆ ಬದಲಿಸಿ ಕೊಡುವ ಹೊರೆ ಅವರದು.

ಆನ್‌ಲೈನ್ ಜಾಹೀರಾತಿನ ಬೆಲೆಯನ್ನೂ ನೆಚ್ಚಬೇಡಿ. ಅಲ್ಲಿರುವುದು ಮಾರುವವರ ಆಸೆ. ಸರಿಯಾದ ಬೆಲೆ ಹಾಕಿದವರದು ಎರಡು ದಿನದಲ್ಲಿ ಮಾರಾಟವಾಗಿ ಪಟ್ಟಿಯಿಂದ ಮಾಯವಾಗಿರುತ್ತದೆ. ಮೂರು ತಿಂಗಳಿಂದ ಕುಳಿತ ಜಾಹೀರಾತು ಹೇಳುವುದು, ಆ ಬೆಲೆಗೆ ಕೊಳ್ಳುವವರಿಲ್ಲ ಎಂದು.

ಇನ್ನು ಹಾರ್ಡ್‌ಡಿಸ್ಕ್. ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ ಕೆಟ್ಟಿದೆ ಎಂಬುದನ್ನು ಡಿಸ್ಕೇ ಬರೆದಿಟ್ಟುಕೊಂಡಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಕೊಳ್ಳುವವರೂ ಅದನ್ನು ನೋಡಬಲ್ಲರು. ಆದರೆ ನಿಜವಾದ ತೊಂದರೆ ಬೇರೆ. ಫೈಲ್ ಅಳಿಸಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೋಗುವುದು ಪಟ್ಟಿ ಮಾತ್ರ. ಒಳಗಿನ ಫೋಟೋ, ಆಧಾರ್ ಸ್ಕ್ಯಾನ್, ಬ್ಯಾಂಕ್ ಕಾಗದಗಳನ್ನು ಸಾಮಾನ್ಯ ತಂತ್ರಾಂಶದಿಂದಲೇ ಮರಳಿ ಪಡೆಯಬಹುದು. ಮಾರಲೇಬೇಕಾದರೆ ಇಡೀ ಡಿಸ್ಕಿನ ಮೇಲೆ ಒಮ್ಮೆ ಪೂರ್ತಿ ಬರೆದು ಅಳಿಸಬೇಕು. ಎಸ್‌ಎಸ್‌ಡಿ ಆದರೆ ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಬಳಸಿ.

ದೊಡ್ಡಪ್ಪ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಕೊಟ್ಟರು. ಬಂದ ಹಣ ಬಿಲ್ಲಿನ ಹತ್ತರಲ್ಲೊಂದು ಭಾಗವೂ ಆಗಲಿಲ್ಲ. ಡಿಸ್ಕಿಗೆ ಅಂಗಡಿಯವರು 300 ರೂಪಾಯಿ ಎಂದಾಗ, "ಅದರಲ್ಲಿ ಮಗಳ ಮದುವೆ ಫೋಟೋ ಇದಾವೆ" ಎಂದು ಬಿಚ್ಚಿಸಿಕೊಂಡು ಜೇಬಿಗಿಟ್ಟುಕೊಂಡರು.