ಸುಲಿದದ್ದು ಅಡಿಕೆಯೋ, ಜೇಬೋ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ‘ಸುಲಿ’ ಎಂಬ ಕ್ರಿಯಾಪದಕ್ಕೆ ಬಿಡುವಿಲ್ಲ. ಹಸಿ ಅಡಿಕೆಯ ಸಿಪ್ಪೆ ಬಿಡಿಸುವುದೇ ಸುಲಿಯುವುದು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿ ಬಹಳ ಹೊತ್ತಿನವರೆಗೂ ಸುಲಿಯುವುದು ಇಲ್ಲಿನ ವಾಡಿಕೆ. ಸುಲಿದದ್ದನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ ಸಿದ್ಧ.

ಅದೇ ಸೀಮೆಯವರು ಪೇಟೆಯಿಂದ ಮರಳಿ ‘ಅಂಗಡಿಯವನು ಚೆನ್ನಾಗಿ ಸುಲಿದ’ ಎಂದರೆ ಅದು ಅಡಿಕೆಯ ಮಾತಲ್ಲ, ಜೇಬು ಖಾಲಿಯಾದ ಮಾತು. ‘ಸುಲಿಗೆ’ ಎಂದರಂತೂ ದರೋಡೆಯೇ. ಈ ಪದ ಅಡಿಕೆಯಿಂದಲೇ ಹುಟ್ಟಿತೆಂದಲ್ಲ. ತೊಗಲು, ತೊಗಟೆ, ಸಿಪ್ಪೆ ಯಾವುದನ್ನು ತೆಗೆದರೂ ಸುಲಿಯುವುದೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲೂ ಎರಡೂ ಅರ್ಥಗಳಿವೆ. ಸಿಪ್ಪೆ ಹೋದ ಕಾಯಿಯಂತೆ ಹಣ ಹೋದ ಮನುಷ್ಯನೂ ಬೋಳು. ಮೋಸ ಮಾಡುವುದಕ್ಕೆ ‘ತಲೆ ಬೋಳಿಸುವುದು’ ಎನ್ನುವುದೂ ಇಂಥದೇ ಹೋಲಿಕೆ. ಅದು ಕ್ಷೌರಿಕರ ಕಸುಬಿನಿಂದ ಬಂದದ್ದು.

ಮಲೆನಾಡಿನ ಮನೆಯಂಗಳದಲ್ಲೇ ಇಂಥ ಪದಗಳು ಇನ್ನೂ ಇವೆ. ದೋಟಿಯ ತುದಿಯ ಕೊಕ್ಕೆ ಮರದ ಹಣ್ಣನ್ನು ಎಳೆಯುವುದಕ್ಕೆ. ಕಚೇರಿಯಲ್ಲಿ ಕಡತಕ್ಕೆ ಬಿದ್ದ ‘ಕೊಕ್ಕೆ’ ಕೆಲಸ ನಿಲ್ಲಿಸುವುದಕ್ಕೆ! ಕಣದಲ್ಲಿ ಭತ್ತ ತೂರಿದಾಗ ಹಾರಿಹೋಗುವ ಜೊಳ್ಳು, ಹುರುಳಿಲ್ಲದ ಭಾಷಣಕ್ಕೂ ಹೆಸರಾಯಿತು.

ಇಂಗ್ಲಿಷಿನಲ್ಲೂ ಹೀಗೆಯೇ. ‘ಬಂಗ್’ ಎಂದರೆ ಮೂಲತಃ ಮರದ ಪೀಪಾಯಿಯ ತೂತು ಮುಚ್ಚುವ ಬಿರಡೆ. ನೆಗಡಿಯಿಂದ ಮೂಗು ಕಟ್ಟಿದರೂ ಬ್ರಿಟನ್ನಿನವರು ‘ಬಂಗ್ಡ್ ಅಪ್’ ಎನ್ನುತ್ತಾರೆ. ಅವರ ಆಡುಮಾತಿನಲ್ಲಿ ‘ಬಂಗ್’ ಎಂದರೆ ಲಂಚವೂ ಹೌದು. ಆದರೆ ಆಸ್ಟ್ರೇಲಿಯಾದಲ್ಲಿ ಕೆಟ್ಟುನಿಂತ ಯಂತ್ರಕ್ಕೆ ಹೇಳುವ ‘ಬಂಗ್’ ಬೇರೆಯೇ ಪದ. ಅದು ಬ್ರಿಸ್ಬೇನ್ ಸುತ್ತಲಿನ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಉಚ್ಚಾರಣೆ ಒಂದೇ ಆದ ಮಾತ್ರಕ್ಕೆ ಬೇರೂ ಒಂದೇ ಎಂದು ವಿದ್ಯಾರ್ಥಿಗಳು ತಿಳಿಯಬಾರದು.

ಈಗ ಅನೇಕ ಊರುಗಳಿಗೆ ಅಡಿಕೆ ಸುಲಿಯುವ ಯಂತ್ರ ಬಂದಿದೆ; ಮೆಟ್ಟುಗತ್ತಿ ಅಟ್ಟ ಸೇರುತ್ತಿದೆ. ಸುಲಿಯುವವರ ಬೆರಳಿಗೆ ಬಿಡುವು ಸಿಕ್ಕಿದ್ದು ಒಳ್ಳೆಯದೇ. ಆದರೆ ಪೇಟೆಯಲ್ಲಿ ಬೆಳೆಯುವ ಮಕ್ಕಳಿಗೆ ‘ಸುಲಿಗೆ’ ಅಪರಾಧ ಸುದ್ದಿಯ ಪದವಾಗಿಯಷ್ಟೇ ಉಳಿದರೆ, ಅದರ ಹಿಂದಿದ್ದ ದುಡಿಮೆ ಕಣ್ಮರೆಯಾಗುತ್ತದೆ. ಅದಕ್ಕೆ ತಂದೆತಾಯಂದಿರು ಮಾಡಬಹುದಾದ ಕೆಲಸವೊಂದಿದೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಅಜ್ಜ, ಅಜ್ಜಿಯರ ಬಳಿ ಕೂರಿಸಿ, ಮೆಟ್ಟುಗತ್ತಿ, ದೋಟಿ, ಚೊಗರು ಎಂದರೇನೆಂದು ಕೇಳಿಸಿ ಬರೆಸಲಿ. ಪದದ ಜೊತೆಗೆ ಅದನ್ನು ಬಳಸಿದ ಕೆಲಸವನ್ನೂ ಬರೆಯಲು ಮರೆಯಬಾರದು.